‘ಪರವಾಗಿಲ್ಲ’ ಮೀಮಾಂಸೆ: ಕಡೂರು, ತರೀಕೆರೆ, ಅಜ್ಜಂಪುರ ಸೀಮೆಗೆ ಅನ್ವಯಿಸಿ

ಮನುಷ್ಯನ ಮನಸ್ಸನ್ನು ಐದು ಚೌಕಗಳಲ್ಲಿ ಕೂರಿಸಬಹುದೆಂದು 1932ರಲ್ಲಿ ಅಮೆರಿಕದ ರೆನ್ಸಿಸ್ ಲಿಕರ್ಟ್ ಸಾರಿದರು. ‘ಪೂರ್ತಿ ಒಪ್ಪುತ್ತೇನೆ’ಯಿಂದ ‘ಸುತರಾಂ ಒಪ್ಪುವುದಿಲ್ಲ’ದವರೆಗೆ ಐದು, ಒಂದೊಂದಕ್ಕೂ ಅಂಕ ಕೊಟ್ಟು ಕೂಡಿದರಾಯಿತು. ಇದು ಪೂರ್ವಪಕ್ಷ. ಲಿಕರ್ಟರು ತರೀಕೆರೆಯ ಅಡಿಕೆ ಬೆಳೆಗಾರರನ್ನು ಮಾತಾಡಿಸಿರಲಿಲ್ಲ.

ನಾನು ಮಾತಾಡಿಸಿದೆ. ‘ಈ ಸಲದ ಅಡಿಕೆ ಧಾರಣೆ ತಮಗೆ ತೃಪ್ತಿ ತಂದಿದೆಯೇ?’ ಯಜಮಾನರು ಜಗಲಿಯ ಕಂಬಕ್ಕೆ ಒರಗಿ, ಎಲೆಯ ತೊಟ್ಟು ಮುರಿದು, ಬೆನ್ನಿಗೆ ಸುಣ್ಣ ಸವರಿ, ಹೋಳು ಸೇರಿಸಿ ಬಾಯಿಗಿಟ್ಟು, ಸಾವಕಾಶವಾಗಿ ಅಗಿದು, ಎದ್ದು ಹೋಗಿ ಉಗಿದು ಬಂದು ಹೇಳಿದರು: ‘ಪರವಾಗಿಲ್ಲ ಸ್ವಾಮಿ.’

ಒಳಗಿನಿಂದ ದನಿ ಬಂತು: ‘ಏನ್ ಪರವಾಗಿಲ್ಲ? ಹೋದ್ವರ್ಷ ಅಡ ಇಟ್ಟ ಬಳೆ ಇನ್ನೂ ಬಿಡಿಸ್ಕಂಡು ಬಂದಿಲ್ಲ!’

ಮೂರನೆಯ ಚೌಕಕ್ಕೆ ಗುರುತು ಹಾಕಿದೆ. ಒಳಗಿನ ದನಿಗೆ ನಮೂನೆಯಲ್ಲಿ ಚೌಕವಿರಲಿಲ್ಲ.

ಈಗ ಶಾಸ್ತ್ರ. ಒಂದರಿಂದ ಎರಡಕ್ಕೂ ಎರಡರಿಂದ ಮೂರಕ್ಕೂ ಇರುವ ದೂರ ಒಂದೇ ಎಂದು ಹೇಳಿದವರಾರು? ಡೆನ್ಮಾರ್ಕಿನ ಗಣಿತಜ್ಞ ರಾಶ್ 1960ರಲ್ಲಿ ಹಾಕಿದ ದಾರಿ ಹಿಡಿದು ಡೇವಿಡ್ ಆಂಡ್ರಿಕ್ 1978ರಲ್ಲಿ ಹೇಳಿದ್ದು: ಚೌಕ ಚೌಕದ ನಡುವೆ ಹೊಸ್ತಿಲಿದೆ, ದಾಟುವ ಸಂಭವವೆಂಬುದು ಮನುಷ್ಯನ ಒಲವು, ಪ್ರಶ್ನೆಯ ಬಿಗಿ, ಹೊಸ್ತಿಲ ಎತ್ತರ, ಈ ಮೂರರ ಲೆಕ್ಕ. ಎಲ್ಲ ಪ್ರಶ್ನೆಗೂ ಒಂದೇ ಅಳತೆಯ ಹೊಸ್ತಿಲುಗಳೆಂದರು ಅವರು. 1982ರಲ್ಲಿ ಮಾಸ್ಟರ್ಸ್ ಎಂಬವರು, ಇಲ್ಲ, ಪ್ರಶ್ನೆ ಪ್ರಶ್ನೆಗೂ ಬೇರೆ ಎಂದರು. ಬೀರೂರಿನ ಬಡಗಿಯನ್ನು ಕೇಳಿದ್ದರೆ ನಾಲ್ಕು ವರ್ಷ ಉಳಿಯುತ್ತಿತ್ತು.

ನಡುವಿನ ಚೌಕಕ್ಕೆ ಜನ ಹೆಚ್ಚಾದಷ್ಟೂ ಅದರ ಅಕ್ಕಪಕ್ಕದ ಹೊಸ್ತಿಲುಗಳು ದೂರ ಸರಿಯುತ್ತವೆ. ನಮ್ಮ ಸೀಮೆಯಲ್ಲಿ ಆ ಸಂದಿನಲ್ಲೊಂದು ಜಗಲಿಯೇ ಎದ್ದಿದೆ. ಧಾರಣೆ ಚೆನ್ನಾಗಿದೆ ಎಂದರೆ ನೆಂಟರು ಸಾಲ ಕೇಳುತ್ತಾರೆ. ಬಿದ್ದಿದೆ ಎಂದರೆ ಸಾಲ ಕೊಟ್ಟವರು ಬಾಗಿಲಿಗೆ ಬರುತ್ತಾರೆ. ಜಗಲಿಯಲ್ಲಿ ಕೂತವನೇ ಕ್ಷೇಮ. ಕಡೂರಿನ ತೆಂಗಿನ ತೋಟದವರು ಮಳೆಯ ವಿಷಯಕ್ಕೂ ಇದೇ ಪದ ಹೇಳಿದರು, ಆಕಾಶ ನೋಡಿಕೊಂಡು. ‘ತರೀಕೆರೆಯಿಂದ ಬೇರೆಯಾಗಿ ತಾಲ್ಲೂಕಾದದ್ದು ಅನುಕೂಲವಾಯಿತೆ?’ ಎಂದು ಅಜ್ಜಂಪುರದಲ್ಲಿ ಕೇಳಿದರೆ, ‘ಆಗಿದೆ ಅಂತಾರಪ್ಪ.’ ಯಾರು ಅಂತಾರೆ? ಸೂತ್ರದಲ್ಲಿ ಅದಕ್ಕೆ ಅಕ್ಷರವಿಲ್ಲ. ಐದನೆಯ ಚೌಕವನ್ನು ನಿಸ್ಸಂಕೋಚವಾಗಿ ಬಳಸಿದ್ದು ಅಲ್ಲಿನ ಅಮೃತಮಹಲ್ ಹೋರಿಯೊಂದೇ. ನಾನು ನಮೂನೆ ತೋರಿಸುವ ಮೊದಲೇ ಅದು ಕೊಂಬು ತೋರಿಸಿತು.

ನಮೂನೆ ಹಿಡಿದು ಈ ಕಡೆ ಬರುವವರಲ್ಲಿ ವಿನಂತಿ: ಮೂರನೆಯ ಚೌಕವನ್ನು ಕೊಂಚ ಅಗಲವಾಗಿ ಅಚ್ಚು ಹಾಕಿಸಿ. ಒಳಗಿನಿಂದ ದನಿ ಬಂದರೆ ಅಂಚಿನಲ್ಲಾದರೂ ಬರೆದುಕೊಳ್ಳಿ.