ಹರಿತ ಇದೆ, ಕೆಲಸ ಇಲ್ಲ

ಶಿವಮೊಗ್ಗದ ಬ್ಯಾಂಕ್ ಅಧಿಕಾರಿಯೊಬ್ಬರು ಭಾನುವಾರಗಳನ್ನೆಲ್ಲ ಸುರಿದು ಕೈಯಾರೆ ಮಾಡಿದ ಚಾಕು ಇದು. ಮಡಚುವ ಜಾತಿಯದಲ್ಲ, ಅಲಗಿನ ಉಕ್ಕೇ ಹಿಡಿಯ ಕೊನೆಯವರೆಗೂ ಒಂದೇ ತುಂಡು. ಅಲಗು 4 ಇಂಚು, ಹಿಡಿ ಬೀಟೆ ಮರದ್ದು, ವಾಸ ಶೋಕೇಸಿನಲ್ಲಿ. ಮಾಲೀಕರು ಬ್ಯಾಂಕಿಗೆ ಹೋದ ಹೊತ್ತು ನೋಡಿ ಮಾತಿಗೆ ಸಿಕ್ಕಿತು.

ಪ್ರಶ್ನೆ: ತಮ್ಮ ಪೂರ್ವಾಶ್ರಮ?

ಚಾಕು: ಲಾರಿಯ ಸ್ಪ್ರಿಂಗ್ ಪಟ್ಟಿ. ಮರಳು, ಜಲ್ಲಿ, ಅಡಿಕೆ ಮೂಟೆ ಎಲ್ಲ ಹೊತ್ತಿದ್ದೇನೆ. ಸವೆದ ಮೇಲೆ ಗುಜರಿಯಲ್ಲಿ ಕೆಜಿ ಲೆಕ್ಕದಲ್ಲಿ ಮಾರಾಟವಾದೆ. ನೆಂಟರು ಬಂದಾಗ ಮಾತ್ರ ನಾನು ‘ಹೈ ಕಾರ್ಬನ್ ಸ್ಟೀಲ್’. ಮೈಯಲ್ಲಿ ಇಂಗಾಲ ಇರುವುದು ಶೇ. 0.6ರ ಆಸುಪಾಸು. ಗಟ್ಟಿಯಾಗಲು ಅಷ್ಟು ಸಾಕು, ಮಾಲೀಕರ ಜಂಬಕ್ಕೆ ಸಾಲದು.

ಪ್ರಶ್ನೆ: ಹದ ಹಾಕಿದ್ದು ಹೇಗೆ?

ಚಾಕು: ಅದೇ ದೊಡ್ಡ ನಾಟಕ. ಸುಮಾರು 770 ಡಿಗ್ರಿ ಕಾದರೆ ಉಕ್ಕು ಅಯಸ್ಕಾಂತಕ್ಕೆ ಅಂಟುವುದಿಲ್ಲ. ಹಳೇ ಸ್ಪೀಕರ್ ಬಿಚ್ಚಿ, ಅದರ ಅಯಸ್ಕಾಂತ ತಾಗಿಸಿ ನೋಡಿದರು. ಅಂಟಲಿಲ್ಲ. ಇನ್ನೊಂಚೂರು ಕಾಸಿ, ಬೆಚ್ಚಗಿನ ಕಡಲೆಕಾಯಿ ಎಣ್ಣೆಯಲ್ಲಿ ಅದ್ದಿದರು. ನೀರಿಗೆ ಹಾಕಿದ್ದರೆ ಬಿರುಕು ಬಿಟ್ಟರೂ ಬಿಡುತ್ತಿದ್ದೆ. ಎಣ್ಣೆಯಿಂದ ಎದ್ದಾಗ ಗಾಜಿನ ಹಾಗೆ ಪೆಡಸು. ಆ ಪೆಡಸು ಇಳಿಸಲು 200 ಡಿಗ್ರಿಯಲ್ಲಿ ಎರಡೆರಡು ಗಂಟೆ, ಎರಡು ಸಲ, ಓವನ್‌ನಲ್ಲಿಟ್ಟರು. ಮೈ ತೆಳು ಹೊಂಬಣ್ಣಕ್ಕೆ ತಿರುಗಿತು. ಆ ಓವನ್ ಮನೆಗೆ ಬಂದದ್ದು ಕೇಕ್ ಹೆಸರಿನಲ್ಲಿ. ಎಣ್ಣೆಯ ಕಮಟು ಹೋಗಲೇ ಇಲ್ಲ. ಮಗಳ ಹುಟ್ಟುಹಬ್ಬದ ಕೇಕ್ ಬೇಕರಿಯಿಂದ ಬಂತು.

ಪ್ರಶ್ನೆ: ನಿಮ್ಮ ಗಡಸುತನ ರಾಕ್‌ವೆಲ್ 58 ಅಂತ ಹೇಳುತ್ತಾರಲ್ಲ?

ಚಾಕು: ಅದನ್ನು ಅಳೆಯುವ ಯಂತ್ರ ಈ ಮನೆಯ ಹೊಸ್ತಿಲು ದಾಟಿಲ್ಲ. ಎಣ್ಣೆಯಿಂದ ತೆಗೆದಾಗ ಅರ ಹಾಕಿ ಉಜ್ಜಿದರು, ಕಚ್ಚದೆ ಜಾರಿತು. ಗಟ್ಟಿಯಾಗಿದ್ದೇನೆ ಎನ್ನಲು ಅಷ್ಟು ಸಾಕ್ಷಿ ಸಾಕು. ಮೊದಮೊದಲು 57 ಅನ್ನುತ್ತಿದ್ದರು. ಆಮೇಲೆ ಬಡ್ಡಿ ಸೇರಿರಬೇಕು.

ಪ್ರಶ್ನೆ: ಖರ್ಚು?

ಚಾಕು: ನನ್ನ ಉಕ್ಕಿಗೆ ಕೊಟ್ಟದ್ದು ಒಂದು ಮಸಾಲೆ ದೋಸೆಯ ದುಡ್ಡು. ಉಳಿದದ್ದು ಬೆಲ್ಟ್ ಗ್ರೈಂಡರ್, ಎಪಾಕ್ಸಿ ಅಂಟು, ಹಿತ್ತಾಳೆ ಪಿನ್ನು, ಕನ್ನಡಕ, ಮಾಸ್ಕ್. ಮಾಸ್ಕಿಗೆ ನಗಬೇಡಿ, ಉಕ್ಕಿನ ಧೂಳೂ ಬೀಟೆಯ ಧೂಳೂ ಎದೆಗೆ ಒಳ್ಳೆಯದಲ್ಲ. ಬಾಕಿಯದಕ್ಕೆ ಧಾರಾಳವಾಗಿ ನಗಬಹುದು.

ಪ್ರಶ್ನೆ: ಡಮಾಸ್ಕಸ್ ಕತ್ತಿಗಳ ಜೊತೆ ನಿಮಗೆ ನೆಂಟಸ್ತಿಕೆ ಇದೆಯಂತೆ?

ಚಾಕು: ಅದು ಮಾಲೀಕರ ಭಾಷಣ. ದಕ್ಷಿಣ ಭಾರತದ ಉಕ್ಕು ಪಶ್ಚಿಮ ಏಷ್ಯಾಕ್ಕೆ ಹೋಗುತ್ತಿದ್ದುದು ನಿಜ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿ ಉಕ್ಕು ಮಾಡುವುದನ್ನು ನೋಡಿ ಬರೆದಿಟ್ಟದ್ದೂ ನಿಜ. ಅದು ಮಣ್ಣಿನ ಮೂಸೆಯಲ್ಲಿ ಹುಟ್ಟಿದ ಉಕ್ಕು. ನಾನು ಗುಜರಿಯವನು. ಊರು ಒಂದೇ ಆದ ಮಾತ್ರಕ್ಕೆ ನೆಂಟರಾಗುತ್ತಾರೆಯೇ?

ಪ್ರಶ್ನೆ: ಪೊಲೀಸರ ಭಯ?

ಚಾಕು: ಶಸ್ತ್ರಾಸ್ತ್ರ ನಿಯಮಗಳು ಕಣ್ಣಿಡುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಮೇಲೆ. ಮನೆಗೆಲಸ, ಬೇಸಾಯಕ್ಕೆಂದು ಮಾಡಿದವಕ್ಕೆ ಅದರಲ್ಲಿ ವಿನಾಯಿತಿ ಇದೆ. ನಾನು ಉದ್ದದಲ್ಲಿ ಪಾಸು. ಮನೆಗೆಲಸದ ವಿಷಯ ಮಾತ್ರ ಕೇಳಬೇಡಿ.

ಪ್ರಶ್ನೆ: ಅದನ್ನೇ ಕೇಳಬೇಕೆಂದಿದ್ದೆ.

ಚಾಕು: ಅಡುಗೆಮನೆ ಮೆಟ್ಟುಗತ್ತಿಯ ಸಾಮ್ರಾಜ್ಯ. ಅತ್ತೆಯ ಕಾಲದ್ದು, ಮಣೆಯಲ್ಲಿ ಬಿರುಕಿದೆ, ಹಲಸಿನಕಾಯಿಯಿಂದ ಕೊತ್ತಂಬರಿ ಸೊಪ್ಪಿನವರೆಗೆ ಅದರದೇ ಆಡಳಿತ. ಆಯುಧ ಪೂಜೆಯಲ್ಲಿ ನನಗೆ ಅರಿಶಿನ ಕುಂಕುಮ, ನಿಂಬೆಹಣ್ಣು ಕೊಯ್ದದ್ದು ಮೆಟ್ಟುಗತ್ತಿ. ಒಮ್ಮೆ ಮಾತ್ರ ನನ್ನ ಕೈಗೂ ಒಂದು ನಿಂಬೆಹಣ್ಣು ಸಿಕ್ಕಿತು. ಹುಳಿ ತಾಗಿದಲ್ಲಿ ಬೂದು ನೀಲಿ ಕಲೆ ಬಿತ್ತು. ಸ್ಟೇನ್‌ಲೆಸ್ ಅಲ್ಲದ ಉಕ್ಕಿಗೆ ಅದು ಸಹಜ. ಮಾಲೀಕರು ಮಾತ್ರ ಕಾರಿಗೆ ಗೀರು ಬಿದ್ದಂತೆ ಗಾಬರಿಯಾಗಿ, ಉಜ್ಜಿ, ಗಾಜಿನ ಬಾಗಿಲು ಹಾಕಿದರು.

ಪ್ರಶ್ನೆ: ಕುಲುಮೆಯವರು ಯಾರಾದರೂ ನಿಮ್ಮನ್ನು ನೋಡಿದ್ದಾರೆಯೇ?

ಚಾಕು: ಒಬ್ಬ ಹಿರಿಯರ ಹತ್ತಿರ ತೋರಿಸಲು ಒಯ್ದಿದ್ದರು. ಕಾದ ಕಬ್ಬಿಣದ ಬಣ್ಣ ನೋಡಿಯೇ ಹದ ತಿಳಿಯುವ ಜನ ಅವರು. ತಿರುಗಿಸಿ ನೋಡಿದರು, ಹೆಬ್ಬೆರಳನ್ನು ಬಾಯಿಗೆ ಅಡ್ಡಲಾಗಿ ಸವರಿದರು. “ಚೆನ್ನಾಗಿ ಬಂದಿದೆ ಸಾರ್. ಇದ್ರಲ್ಲಿ ಏನು ಕೊಯ್ತೀರಿ?” ಅಂದರು. ಮಾಲೀಕರು ರಾಕ್‌ವೆಲ್ ವಿಷಯ ತೆಗೆದರು.

ಪ್ರಶ್ನೆ: ಓದುಗರಿಗೇನು ಹೇಳುತ್ತೀರಿ?

ಚಾಕು: ಹವ್ಯಾಸ ಒಳ್ಳೆಯದೇ, ಮಾಡಿ. ನಮ್ಮವರು ಈಗಾಗಲೇ ಎರಡನೇ ಚಾಕುವಿಗೆ ಪಟ್ಟಿ ತಂದಿಟ್ಟಿದ್ದಾರೆ. ಅಲಗು ದಪ್ಪವಾಯಿತೋ, ಹಿಡಿ ಅಂಗೈಗೆ ಒತ್ತುತ್ತದೋ ಎಂಬುದು ಒಂದು ಕೆಜಿ ಈರುಳ್ಳಿ ಹೆಚ್ಚಿದರೆ ತಿಳಿಯುತ್ತದೆ. ಅದು ತಿಳಿಯದೆ ಎರಡನೆಯದರಲ್ಲಿ ತಿದ್ದುವುದಾದರೂ ಏನನ್ನು? ನಿಮ್ಮ ಮನೆಯಲ್ಲೂ ನನ್ನಂಥದ್ದೊಂದಿದ್ದರೆ ಶೋಕೇಸಿನಿಂದ ತೆಗೆದು ಅಡುಗೆಮನೆಗೆ ಕೊಡಿ. ಕೆಲಸವಾದ ಮೇಲೆ ತೊಳೆದು, ಒರೆಸಿ, ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿ. ಕೊಯ್ಯದ ಚಾಕು ಎಷ್ಟೇ ಹೊಳೆದರೂ ಇನ್ನೂ ಗುಜರಿಯೇ.