ಕಾಂಪೌಂಡು ದಾಟಿದ ಕೊಂಬೆಯ ಜೊತೆ

ಬೆಂಗಳೂರಿನ ಒಂದು ಬಡಾವಣೆ. ಮರದ ಬುಡ ಕಾಂಪೌಂಡಿನೊಳಗೆ, ಕೊಂಬೆ ಫುಟ್‌ಪಾತಿನ ಮೇಲೆ. ಗುಲ್‌ಮೊಹರಿನ ಈ ಕೊಂಬೆ ಮಾತಿಗೆ ಸಿಕ್ಕಿದ್ದು ನಮ್ಮ ಹಣೆಗೆ ಬಡಿದ ಮೇಲೆ.

ನೀವು ಯಾರಿಗೆ ಸೇರಿದವರು?

ಅದು ತಿಂಗಳ ಮೇಲೆ ಹೋಗುತ್ತೆ ಸ್ವಾಮಿ. ಏಪ್ರಿಲ್‌ನಲ್ಲಿ ಹೂ ಬಿಟ್ಟಾಗ ಯಜಮಾನರು 'ನಮ್ಮನೆ ಮರ' ಅಂತ ಸ್ಟೇಟಸ್ ಹಾಕ್ತಾರೆ. ಮಳೆ ಬಂದು ಪಕ್ಕದವರ ಕಾರಿನ ಮೇಲೆ ಬಿದ್ದರೆ ಪಾಲಿಕೆಯ ಮರ.

ಯಜಮಾನರೇ ಮಚ್ಚು ತಂದು ಸವರಬಹುದಲ್ಲ?

ತರಬಹುದು, ಆಮೇಲೆ ಕೋರ್ಟಿಗೂ ಅಲೆಯಬಹುದು. 1976ರ ಕಾಯಿದೆ ಇದೆಯಲ್ಲ, ವೃಕ್ಷ ಸಂರಕ್ಷಣೆಯದು? ಸ್ವಂತ ಹಿತ್ತಿಲ ಮರ ಕಡಿಯೋದಕ್ಕೂ ವೃಕ್ಷಾಧಿಕಾರಿಯ ಅನುಮತಿ ಬೇಕು. ತೆಂಗು, ನೀಲಗಿರಿ, ಸಿಲ್ವರ್ ಓಕ್‌ನಂಥ ಕೆಲವಕ್ಕೆ ವಿನಾಯಿತಿ. ನಮ್ಮ ಜಾತಿಗಿಲ್ಲ.

ಹಾಗಾದರೆ ಅವರ ಜವಾಬ್ದಾರಿ ಏನೂ ಇಲ್ಲವೇ?

ಯಾಕಿಲ್ಲ? ಕತ್ತೆತ್ತಿ ನೋಡೋದು. ಒಣಗಿದ್ದರೆ, ಟೊಳ್ಳಾಗಿದ್ದರೆ ಫೋಟೊ ತೆಗೆದು ಪಾಲಿಕೆಯ ಅರಣ್ಯ ವಿಭಾಗಕ್ಕೆ ಅರ್ಜಿ ಕೊಡೋದು. ನಮ್ಮ ಯಜಮಾನರು ಒಮ್ಮೆ ದೂರು ಕೊಟ್ಟರು, ಕಾಗೆ ಕಾರು ಗಲೀಜು ಮಾಡುತ್ತೆ ಅಂತ.

ಇದುವರೆಗೆ ಯಾರೂ ಕತ್ತರಿ ಹಾಕಿಲ್ಲವೇ?

ಲೈನ್‌ಮನ್ ಬಂದಿದ್ದ. ತಂತಿ ಕಡೆಯಿದ್ದ ನಮ್ಮಣ್ಣನನ್ನು ಬೋಳಿಸಿ ಹೋದ. ಈಗ ಮರದ ಭಾರವೆಲ್ಲ ನನ್ನ ಕಡೆ. ನಾವೋ ಮೊದಲೇ ಲಟಕ್ಕನೆ ಮುರಿಯೋ ಜಾತಿ. ಅಣ್ಣ ಅಗೋ, ಫುಟ್‌ಪಾತಲ್ಲೇ ಬಿದ್ದಿದ್ದಾನೆ. ಅವನ ಮೇಲೆ ಯಾರೋ ಹರಿದ ದಿಂಬು ಎಸೆದರು, ದಿಂಬಿನ ಮೇಲೆ ಒಡೆದ ಕಮೋಡು ಬಂತು. ಅಜ್ಜಿಯರು ರಸ್ತೆಗಿಳಿದು ನಡೀತಾರೆ.

ಈ ಊರಿಗೆ ಮರದ ಮೇಲೆ ಪ್ರೀತಿ ಕಡಿಮೆಯೇ?

ಛೆ, ನೆಡೋ ಪ್ರೀತಿ ಬೇಕಾದಷ್ಟಿದೆ. 1980ರ ದಶಕದಲ್ಲಿ ಅರಣ್ಯಾಧಿಕಾರಿ ನೇಗಿನಹಾಳರು ಸುಮಾರು 15 ಲಕ್ಷ ಗಿಡ ನೆಡಿಸಿದರು. ಇವತ್ತಿಗೂ ಜನ ಅವರ ಹೆಸರು ಹೇಳ್ತಾರೆ. ಒಣ ಕೊಂಬೆ ಹದವಾಗಿ ಸವರಿದ ಒಬ್ಬರ ಹೆಸರು ಹೇಳಿ ನೋಡೋಣ! ಗಿಡ ನೆಟ್ಟರೆ ಪೇಪರಲ್ಲಿ ಫೋಟೊ ಬರುತ್ತೆ, ಏಣಿ ಹತ್ತಿದರೆ ಬೈಗುಳ.

2025ರಲ್ಲಿ ಬೆಂಗಳೂರಿಗೆ ಐದು ಪಾಲಿಕೆ ಆದವಲ್ಲ, ಅನುಕೂಲವಾಯಿತೇ?

ಆಯ್ತು. ಮೊದಲು ಒಂದು ಕಡೆಯವರು ಬರ್ತಿರಲಿಲ್ಲ. ಈಗ 'ಇದು ನಮ್ಮ ಗಡಿಯಲ್ಲ' ಅನ್ನೋದಕ್ಕೆ ಗಡಿಗಳೂ ಸಿಕ್ಕಿವೆ. ಅಂದಹಾಗೆ, ನಿಮ್ಮ ಸ್ಕೂಟರ್ ಎಲ್ಲಿ?

ನಿಮ್ಮ ನೆರಳಲ್ಲೇ ನಿಲ್ಲಿಸಿದ್ದೇನೆ.

ಮೋಡ ಕಟ್ತಿದೆ ಸ್ವಾಮಿ. ತೆಗೀರಿ.