ಆರ್‌ಇ ವಾಲ್ (ಬಲವರ್ಧಿತ ಮಣ್ಣಿನ ಗೋಡೆ) ಕಟ್ಟುವ ಎಂಜಿನಿಯರರಿಗೆ ಬಹಿರಂಗ ಪತ್ರ



ಮೇಲ್ಸೇತುವೆಗೆ ಏರುವ ರಸ್ತೆಯ ಎರಡೂ ಬದಿ ನೀವು ನಿಲ್ಲಿಸುವ ಕಾಂಕ್ರೀಟ್ ಹಲಗೆಗಳಷ್ಟೇ ಜನರ ಕಣ್ಣಿಗೆ ಬೀಳುತ್ತವೆ. ಲಾರಿ, ಬಸ್ಸುಗಳ ಭಾರ ಹೊರುವುದು ಅವುಗಳ ಹಿಂದೆ ಪದರ ಪದರವಾಗಿ ದಮ್ಮಸ್ಸು ಮಾಡಿದ ಮರಳುಮಣ್ಣು, ನಡುನಡುವೆ ಹಾಸಿದ ಜಿಯೋಗ್ರಿಡ್ ಎಂಬ ಬಲೆಯಂಥ ಹಾಳೆ. ಹಾಗಾಗಿ ಮಣ್ಣು ಜಾರುವ ಮುನ್ನ ಎಷ್ಟು ಬಲ ತಡೆಯುತ್ತದೆಂದು ಹೇಳುವ, ನಿಮ್ಮ ಕಡತದ ಶಿಯರ್ ಟೆಸ್ಟ್ ವರದಿಯನ್ನು ಕೇಳುವ ಹಕ್ಕು ಆ ರಸ್ತೆಯಲ್ಲಿ ಓಡಾಡುವ ಎಲ್ಲರಿಗೂ ಇದೆ.

ಒಣ ಮರಳಿಗೆ ಅಂಟಿಲ್ಲ. ಕಣಕ್ಕೆ ಕಣ ಉಜ್ಜಿ, ಸಿಕ್ಕಿಕೊಂಡು ನಿಲ್ಲುವುದೇ ಅದರ ಬಲ. ಈ ಘರ್ಷಣೆಯ ಲೆಕ್ಕವನ್ನು ಫ್ರಾನ್ಸಿನ ಕುಲಂಬ್ 1773ರಲ್ಲೇ ಮಂಡಿಸಿದ್ದರು. 1960ರ ದಶಕದಲ್ಲಿ ಅದೇ ದೇಶದ ಆನ್ರಿ ವಿಡಾಲ್ ಮಣ್ಣಿನೊಳಗೆ ಲೋಹದ ಪಟ್ಟಿಗಳನ್ನಿಟ್ಟು ಗೋಡೆ ಕಟ್ಟುವ ವಿಧಾನ ರೂಪಿಸಿದರು. ಮಣ್ಣು ಪಕ್ಕಕ್ಕೆ ಹಿಗ್ಗಲು ಹೊರಟರೆ ಪಟ್ಟಿ ಹಿಡಿದು ನಿಲ್ಲಿಸುತ್ತದೆ. ಅಂಟಿಲ್ಲದ ಮರಳು ಅಂಟಿದ್ದಂತೆ ವರ್ತಿಸುತ್ತದೆ. ಪಟ್ಟಿಗೂ ಮರಳಿಗೂ ನಡುವೆ ಘರ್ಷಣೆ ಇರುವ ತನಕ ಮಾತ್ರ!

ನಿಮ್ಮ ಗೋಡೆಯಲ್ಲಿ ಆ ಪಟ್ಟಿಯ ಕೆಲಸ ಜಿಯೋಗ್ರಿಡ್ಡಿನದು. ಅದರ ಘರ್ಷಣೆಯನ್ನು ಅಳೆಯುವ ರೀತಿಯ ಬಗ್ಗೆಯೇ ನನ್ನ ತಕರಾರು. ಸಾಮಾನ್ಯ ಡೈರೆಕ್ಟ್ ಶಿಯರ್ ಪೆಟ್ಟಿಗೆ 60 ಮಿಲಿಮೀಟರ್ ಚೌಕದ್ದು. ಮೇಲೆ ಭಾರ ಹೇರಿ, ಪೆಟ್ಟಿಗೆಯ ಒಂದು ಅರ್ಧವನ್ನು ಪಕ್ಕಕ್ಕೆ ತಳ್ಳಿ, ಮಣ್ಣು ಜಾರುವಾಗಿನ ಬಲ ಅಳೆಯುತ್ತೇವೆ. ಬರೀ ಮರಳಿಗೆ ಇದು ಸಾಕು. ಗ್ರಿಡ್ಡಿನ ಒಂದೊಂದು ಕಣ್ಣೂ ಎರಡು-ಮೂರು ಸೆಂಟಿಮೀಟರ್ ಇದ್ದರೆ ಆ ಪೆಟ್ಟಿಗೆಯಲ್ಲಿ ಎಷ್ಟು ಕಣ್ಣು ಹಿಡಿಸೀತು? ಅದಕ್ಕೇ 300 ಮಿಲಿಮೀಟರಿನ ದೊಡ್ಡ ಪೆಟ್ಟಿಗೆ ಇದೆ, ಗ್ರಿಡ್ಡನ್ನು ಮಣ್ಣಿನಿಂದ ಎಳೆದು ನೋಡುವ ಪುಲ್‌ಔಟ್ ಪರೀಕ್ಷೆ ಇದೆ. ಖರ್ಚು ಹೆಚ್ಚೆಂದು ಇವನ್ನು ಬಿಡುವಂತಿಲ್ಲ.

ಮಾದರಿಯ ವಿಚಾರ ಇನ್ನೂ ಗಂಭೀರ. ಲ್ಯಾಬಿಗೆ ಜರಡಿ ಹಿಡಿದ ಒಣ ಮರಳು ಕಳಿಸಿ, ಸೈಟಿಗೆ ಬೇರೊಂದು ಗುಂಡಿಯ ಮಣ್ಣು ಸುರಿದರೆ ವರದಿಗೆ ಬೆಲೆಯೇ ಇಲ್ಲ. 75 ಮೈಕ್ರಾನ್ ಜರಡಿಯಿಂದ ಇಳಿಯುವ ಸೂಕ್ಷ್ಮ ಕಣಗಳು ಸಾಮಾನ್ಯವಾಗಿ ಶೇ. 15ರೊಳಗಿರಬೇಕೆಂಬುದು ಹೆದ್ದಾರಿ ಕಾಮಗಾರಿಯ ನಿಯಮ. ಅದು ಮೀರಿದರೆ ಮಳೆನೀರು ಬಸಿಯದೆ ನಿಲ್ಲುತ್ತದೆ, ನೀರಿನ ಒತ್ತಡಕ್ಕೆ ಕಣಗಳ ಹಿಡಿತ ಸಡಿಲವಾಗುತ್ತದೆ, ಗೋಡೆ ಹೊಟ್ಟೆ ಬಿಡುತ್ತದೆ. ಇನ್ನೊಂದು ಮಾತು: ಗಟ್ಟಿಯಾಗಿ ತುಂಬಿದ ಮರಳು ಮೊದಲು 40 ಡಿಗ್ರಿಯಷ್ಟು ಘರ್ಷಣಾ ಕೋನ (ಕಣಗಳ ಹಿಡಿತದ ಅಳತೆ) ತೋರಿಸಿ, ಜಾರತೊಡಗಿದ ಮೇಲೆ 30ರ ಆಸುಪಾಸಿಗೆ ಇಳಿಯಬಹುದು. ನಿಮ್ಮ ವಿನ್ಯಾಸ ನಿಂತಿರುವುದು ಯಾವ ಅಂಕಿಯ ಮೇಲೆ?

ಮಣ್ಣಿನ ಮೂಲ ಬದಲಾದಾಗಲೆಲ್ಲ ಹೊಸದಾಗಿ ಪರೀಕ್ಷೆ ಮಾಡಿಸಿ. ಟಿಪ್ಪರ್ ಸುರಿದ ರಾಶಿಯಿಂದಲೇ ಮಾದರಿ ತೆಗೆಯಿರಿ, ಹಾಸುವ ಗ್ರಿಡ್ಡನ್ನೇ ಪೆಟ್ಟಿಗೆಗೆ ಹಾಕಿ, ನೆನೆಸಿಯೂ ನೋಡಿ. ಆ ವರದಿಯನ್ನು ಕಾಮಗಾರಿಯ ಫಲಕದ ಪಕ್ಕದಲ್ಲೇ ಎಲ್ಲರಿಗೂ ಕಾಣುವಂತೆ ತೂಗುಹಾಕಿ.

ಇತಿ,
ಮಣ್ಣು ಪರೀಕ್ಷೆ ಕಲಿಸುವ ಒಬ್ಬ ಮೇಷ್ಟ್ರು